ವಿನಾಶದ ಮೊದಲ ಮಾತು: ‘ಹ್ಯಾವಕ್’ ಪದವೂ ಹಲಗಲಿಯ ಇತಿಹಾಸವೂ

ಒಂದು ಜನಾಂಗದ ಇತಿಹಾಸವು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಇರುವಂತೆಯೇ ಅದು ನಿತ್ಯ ಬಳಸುವ ಶಬ್ದಗಳಲ್ಲಿಯೂ ಅಡಗಿರುತ್ತದೆ. ಕೇಡನ್ನು ಸೂಚಿಸುವ ಶಬ್ದಗಳ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ನಿಜ. ಕನ್ನಡದಲ್ಲಿ ನಾಶ, ಧ್ವಂಸ, ಹಾಳು, ಸುಲಿಗೆ, ಕೊಳ್ಳೆ, ಲೂಟಿ, ಹಾವಳಿ ಎಂಬ ಶಬ್ದಗಳಿವೆ. ಮೇಲುನೋಟಕ್ಕೆ ಇವೆಲ್ಲ ಒಂದೇ ಅರ್ಥದವೆಂದು ತೋರಿದರೂ ಒಂದೊಂದರ ಹಿನ್ನೆಲೆ ಬೇರೆ ಬೇರೆ. ಇಂಗ್ಲಿಷ್ ಭಾಷೆಯಲ್ಲಿಯೂ ಹಾಗೆಯೇ. ‘ಡಿಸ್ಟ್ರಕ್ಷನ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಕಟ್ಟಿದ್ದನ್ನು ಬಿಚ್ಚಿ ಕೆಡಹುವುದೆಂದು ಅರ್ಥ. ‘ಡಿವಾಸ್ಟೇಷನ್’ ಎಂದರೆ ನಾಡನ್ನು ಬರಿದು ಮಾಡುವುದು. ‘ಡೆಸಿಮೇಷನ್’ ಎಂಬುದು ರೋಮನ್ ಸೈನ್ಯದ ಒಂದು ಶಿಕ್ಷೆಯ ಹೆಸರು. ತಪ್ಪು ಮಾಡಿದ ತುಕಡಿಯಲ್ಲಿ ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಆರಿಸಿ, ಅವನ ಸಂಗಡಿಗರ ಕೈಯಿಂದಲೇ ಕೊಲ್ಲಿಸುತ್ತಿದ್ದರು. ಇಂತಹ ಪದಗಳ ಸಾಲಿನಲ್ಲಿ ‘ಹ್ಯಾವಕ್’ ಎಂಬುದೊಂದು ಪದವಿದೆ. ಇದರ ಚರಿತ್ರೆಯು ಧರ್ಮಾಧರ್ಮ ವಿವೇಚನೆ ಮಾಡುವವರೆಲ್ಲರೂ ತಿಳಿಯತಕ್ಕಂಥದು.

ಪದದ ಮೂಲ

ಇಂದಿನ ಇಂಗ್ಲಿಷ್ ನಿಘಂಟುಗಳು ‘ಹ್ಯಾವಕ್’ ಪದಕ್ಕೆ ವ್ಯಾಪಕವಾದ ಹಾನಿ, ಕೋಲಾಹಲ, ಅಸ್ತವ್ಯಸ್ತತೆ ಎಂಬ ಅರ್ಥಗಳನ್ನು ಕೊಡುತ್ತವೆ. ಆದರೆ ಹುಟ್ಟಿನಲ್ಲಿ ಇದು ಹಾನಿಯ ಹೆಸರಾಗಿರಲಿಲ್ಲ. ಹಳೆಯ ಫ್ರೆಂಚ್ ಭಾಷೆಯಲ್ಲಿ ‘ಹಾವೊ’ ಎಂದರೆ ಸೂರೆ. ‘ಹಾವೊ ಎಂದು ಕೂಗುವುದು’ ಎಂಬುದು ಸೈನ್ಯದ ನುಡಿಗಟ್ಟು. ಸೇನೆಯ ಮುಂದಾಳು ಆ ಒಂದು ಶಬ್ದವನ್ನು ಕೂಗಿದರೆ ಸೈನಿಕರು ಸಾಲು ಮುರಿದು ಮನೆಗಳಿಗೆ ನುಗ್ಗಬಹುದು, ಕೈಗೆ ಸಿಕ್ಕಿದ್ದನ್ನು ದೋಚಬಹುದು, ಅಡ್ಡ ಬಂದವರನ್ನು ಕೊಲ್ಲಬಹುದು ಎಂದು ಅರ್ಥ. ಹೀಗೆ ಅದು ಅಪ್ಪಣೆಯ ಮಾತಾಗಿತ್ತು. ನಾಶವು ನಡೆದ ಬಳಿಕ ಅದಕ್ಕೆ ಇಟ್ಟ ಹೆಸರಲ್ಲ, ನಾಶಕ್ಕೆ ಮೊದಲು ಬಾಯಿಂದ ಹೊರಟು ನಾಶವನ್ನು ಬರಮಾಡಿದ ಶಬ್ದ.

ಈ ಕೂಗಿನ ಭೀಕರತೆಯನ್ನು ಅಂದಿನ ಅರಸರು ಬಲ್ಲರು. ಇಂಗ್ಲೆಂಡಿನ ಎರಡನೆಯ ರಿಚರ್ಡನು 1385ರಲ್ಲಿ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋಗುವಾಗ ತನ್ನ ಸೇನೆಗೆ ಯುದ್ಧನಿಯಮಗಳನ್ನು ವಿಧಿಸಿದನು. ಯಾರೂ ಅಪ್ಪಣೆಯಿಲ್ಲದೆ ‘ಹ್ಯಾವಕ್’ ಎಂದು ಕೂಗಕೂಡದು, ಕೂಗಿದವನಿಗೆ ಶಿರಚ್ಛೇದವೇ ಶಿಕ್ಷೆ ಎಂಬುದು ಅವುಗಳಲ್ಲೊಂದು. ಆ ಕಾಲದ ಇಂಗ್ಲಿಷ್ ಯುದ್ಧನಿಯಮಗಳು ಕೂಗಿದವನನ್ನು ಮಾತ್ರವಲ್ಲದೆ ಕೂಗನ್ನು ಕೇಳಿ ಅನುಸರಿಸಿದವರನ್ನೂ ದಂಡನೆಗೆ ಗುರಿಪಡಿಸುತ್ತಿದ್ದವು. ಈ ನಿಯಮ ಶತ್ರುವಿನ ಮೇಲಿನ ಕರುಣೆಯಿಂದ ಹುಟ್ಟಿದ್ದೆಂದು ಭಾವಿಸಬೇಕಾಗಿಲ್ಲ. ಸೈನಿಕರು ಸೂರೆಗೆ ತೊಡಗಿದರೆ ಸೇನೆಯ ಶಿಸ್ತು ಕೆಟ್ಟು, ಎದುರಾಳಿಯ ಕೈ ಮೇಲಾಗುವುದೆಂಬ ಭಯವೇ ಅದಕ್ಕೆ ಕಾರಣ. ಆದರೂ ಒಂದು ಅಂಶ ಇಲ್ಲಿ ಗಮನಾರ್ಹ. ಕತ್ತಿ ಹಿಡಿದ ಸಾವಿರಾರು ಜನರಿಗಿಂತ ಬರಿಗೈಯಲ್ಲಿ ನಿಂತು ಒಂದು ಶಬ್ದವನ್ನು ಉಚ್ಚರಿಸಿದವನೇ ಮೊದಲ ಅಪರಾಧಿಯೆಂದು ಆ ನಿಯಮವು ಒಪ್ಪಿಕೊಂಡಿತ್ತು.

ಅರ್ಥದ ಪಲ್ಲಟ

ಶೇಕ್ಸ್‌ಪಿಯರ್ ಮಹಾಕವಿಯು 1599ರ ಸುಮಾರಿಗೆ ರಚಿಸಿದ ‘ಜೂಲಿಯಸ್ ಸೀಸರ್’ ನಾಟಕದಲ್ಲಿ, ಸೀಸರನ ಶವದ ಮುಂದೆ ನಿಂತ ಆಂಟನಿಯ ಬಾಯಲ್ಲಿ ಈ ಪದವು ಕೂಗು ಎಂಬ ಹಳೆಯ ಅರ್ಥದಲ್ಲಿಯೇ ಬರುತ್ತದೆ. ಆದರೆ ಅಷ್ಟರಲ್ಲಾಗಲೇ ಹೊಸ ಅರ್ಥವೂ ಬೇರೂರಿತ್ತು. 1611ರಲ್ಲಿ ಪ್ರಕಟವಾದ ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿ ಇದು ಕೂಗುವ ಮಾತಾಗಿ ಉಳಿದಿಲ್ಲ. ಕ್ರೈಸ್ತ ಸಭೆಯನ್ನು ಒಬ್ಬನು ಹಾಳುಗೆಡವಿದನೆಂದು ಹೇಳುವಲ್ಲಿ ಅದು ಬಳಕೆಯಾಗಿದೆ. ಅಪ್ಪಣೆಯ ಶಬ್ದವು ಹೀಗೆ ಕ್ರಮೇಣ ಫಲದ ಶಬ್ದವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಡಗ್ಲಸ್ ಕಂಪನಿಯ ಒಂದು ಬಾಂಬರ್ ವಿಮಾನಕ್ಕೆ ಇದೇ ಹೆಸರನ್ನಿಟ್ಟರು. ಇಂದು ಇಂಗ್ಲಿಷ್ ಪತ್ರಿಕೆಗಳಲ್ಲಿ ಬಿರುಗಾಳಿ, ಮಳೆ, ವಾಹನದಟ್ಟಣೆ, ಕೊನೆಗೆ ಅಜೀರ್ಣಕ್ಕೂ ‘ಹ್ಯಾವಕ್’ ಎಂಬ ಪದ ಸಲ್ಲುತ್ತದೆ.

ಪದಗಳ ಅರ್ಥ ಬದಲಾಗುವುದು ಭಾಷೆಯ ಸಹಜಧರ್ಮ. ಆದರೆ ಈ ಬದಲಾವಣೆಯಲ್ಲಿ ಒಂದು ನಷ್ಟವಿದೆ. ಹಳೆಯ ‘ಹ್ಯಾವಕ್’ ಎಂಬ ಪದದೊಳಗೆ ಕೂಗಿದವನೊಬ್ಬನಿದ್ದನು. ಹೊಸ ‘ಹ್ಯಾವಕ್’ ಎಂಬುದರಲ್ಲಿ ಕೆಟ್ಟ ಮನೆಗಳು ಕಾಣುತ್ತವೆ, ಕೂಗಿದವನು ಕಾಣುವುದಿಲ್ಲ. ಕರ್ತೃವು ಮರೆಯಾಗಿ ಕರ್ಮ ಮಾತ್ರ ಉಳಿಯಿತು.

ಕನ್ನಡದ ‘ಹಾವಳಿ’ ಎಂಬ ಶಬ್ದವು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಇದನ್ನು ಹೋಲುವುದರಿಂದ ಎರಡಕ್ಕೂ ಸಂಬಂಧವಿರಬಹುದೆಂಬ ಭ್ರಮೆ ಹುಟ್ಟುವುದುಂಟು. ‘ಹ್ಯಾವಕ್’ ಫ್ರೆಂಚ್ ಮೂಲದಿಂದ ಇಂಗ್ಲಿಷಿಗೆ ಬಂದ ಪದ. ಕೇವಲ ಧ್ವನಿಸಾಮ್ಯದಿಂದ ನಂಟು ಕಟ್ಟುವುದು ಶಾಸ್ತ್ರಸಮ್ಮತವಲ್ಲ. ಆದರೆ ಎರಡರ ನಡೆಯೂ ಒಂದೇ ತೆರನಾಗಿದೆ. ದಂಡಿನ ಹಾವಳಿ, ಪೆಂಢಾರಿಗಳ ಹಾವಳಿ ಎಂದು ಮನುಷ್ಯಕೃತ ಕೇಡಿಗೆ ಸಲ್ಲುತ್ತಿದ್ದ ಮಾತು ಇಂದು ನೆರೆಹಾವಳಿ, ಇಲಿಗಳ ಹಾವಳಿ ಎಂದೂ ಬಳಕೆಯಲ್ಲಿದೆ.

ಹಲಗಲಿಯಲ್ಲಿ ಕೇಳಿದ ಹುಕುಮು

ಒಂದು ಮಾತಿನಿಂದ ಒಂದು ಊರು ಹೇಗೆ ಬೂದಿಯಾಗುವುದೆಂಬುದಕ್ಕೆ ದೂರದ ಇಂಗ್ಲೆಂಡಿನ ಉದಾಹರಣೆಯೇ ಬೇಕಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನ ತಲೆತಲಾಂತರದಿಂದ ಬಲ್ಲ ಉದಾಹರಣೆಯೊಂದು ಹತ್ತಿರದಲ್ಲಿಯೇ ಇದೆ. ಅದು ಮುಧೋಳ ತಾಲೂಕಿನ ಹಲಗಲಿ.

1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಸಿಪಾಯಿಗಳು ಬಂಡೆದ್ದಾಗ ಕಂಪನಿ ಸರಕಾರವು ದಕ್ಷಿಣದ ಸಂಸ್ಥಾನಗಳನ್ನೂ ಸಂಶಯದಿಂದ ನೋಡತೊಡಗಿತು. ಅದೇ ವರ್ಷ ನಿಶ್ಶಸ್ತ್ರೀಕರಣದ ಕಾಯ್ದೆ ಜಾರಿಗೆ ಬಂದಿತು. ಪ್ರಜೆಗಳು ಪರವಾನಿಗೆಯಿಲ್ಲದೆ ಆಯುಧಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹಲಗಲಿ ಆಗ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿದ ಚಿಕ್ಕ ಹಳ್ಳಿ. ಅಲ್ಲಿನ ಬೇಡರಿಗೆ ಆಯುಧವು ಬದುಕಿನ ಸಾಧನವೂ ಮಾನದ ಕುರುಹೂ ಆಗಿತ್ತು. ಅದನ್ನು ಒಪ್ಪಿಸುವುದು ತಮ್ಮತನವನ್ನೇ ಒಪ್ಪಿಸಿದಂತೆಂದು ಅವರು ಬಗೆದರು. ಜಡಗ, ಬಾಲ, ಹನುಮ, ರಾಮ ಮೊದಲಾದವರ ನೇತೃತ್ವದಲ್ಲಿ ಊರು ಎದುರು ನಿಂತಿತು.

ಕಲಾದಗಿಯಲ್ಲಿದ್ದ ಕಂಪನಿಯ ಕುದುರೆದಂಡು ಮಾಲ್ಕಮ್ ಎಂಬ ಅಧಿಕಾರಿಯ ಕೈಕೆಳಗೆ ಹೊರಟು 1857ರ ನವೆಂಬರ್ 29ರಂದು ಹಲಗಲಿಯನ್ನು ಮುಟ್ಟಿತು. ಮರುದಿನ ಊರಿಗೆ ಬೆಂಕಿ ಬಿದ್ದಿತು. ಸುಮಾರು ನೂರು ಮಂದಿ ಹತರಾದರು. 290 ಮಂದಿ ಸೆರೆಯಾದರು. ಮುಂದೆ ಡಿಸೆಂಬರ್ ತಿಂಗಳಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ 13 ಜನರನ್ನು ಮುಧೋಳದಲ್ಲಿಯೂ 6 ಜನರನ್ನು ಹಲಗಲಿಯಲ್ಲಿಯೂ, ಜನ ಕಣ್ಣಾರೆ ಕಂಡು ಅಂಜಲೆಂದು, ಬಹಿರಂಗವಾಗಿ ನೇಣಿಗೆ ಹಾಕಲಾಯಿತು.

ಈ ದುರಂತವನ್ನು ಹಾಡಿದ ಲಾವಣಿಯು ಜನರ ಬಾಯಲ್ಲಿ ಉಳಿಯಿತು. ಶಾಸನಶಾಸ್ತ್ರಜ್ಞನಾದ ಜೆ. ಎಫ್. ಫ್ಲೀಟ್ ಈ ಪ್ರಾಂತದಲ್ಲಿ ಅಧಿಕಾರಿಯಾಗಿದ್ದಾಗ ಅದನ್ನು ಇತರ ಕೆಲವು ಲಾವಣಿಗಳೊಡನೆ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಆಳುವವರ ಕಡೆಯ ಅಧಿಕಾರಿಯೊಬ್ಬನ ಶ್ರಮದಿಂದಲೇ ಆಳಿಸಿಕೊಂಡವರ ದುಃಖದ ದಾಖಲೆಯೊಂದು ಅಚ್ಚಿನಲ್ಲಿ ಉಳಿದುದು ಇತಿಹಾಸದ ಒಂದು ವೈಚಿತ್ರ್ಯ. ‘ಹಲಗಲಿಯ ಬೇಡರು’ ಎಂಬ ಆ ಲಾವಣಿಯನ್ನು ಕರ್ನಾಟಕದ ಶಾಲಾಮಕ್ಕಳು ಪಠ್ಯದಲ್ಲಿ ಓದಿದ್ದಾರೆ.

ಲಾವಣಿಕಾರನ ಎರಡು ಸಂಗತಿಗಳು ಇಲ್ಲಿ ವಿಚಾರಾರ್ಹ. ಮೊದಲನೆಯದಾಗಿ, ಅವನು ಕಥೆಯನ್ನು ಬೆಂಕಿಯಿಂದಾಗಲಿ ಗುಂಡಿನಿಂದಾಗಲಿ ತೊಡಗದೆ ವಿಲಾಯತಿಯಿಂದ ಬಂದ ಹುಕುಮಿನಿಂದ ತೊಡಗುತ್ತಾನೆ. ಊರನ್ನು ಸುಟ್ಟದ್ದು ಬೆಂಕಿಯಾದರೂ ಆ ಬೆಂಕಿಯ ಬೀಜವು ಸಮುದ್ರದಾಚೆಯಿಂದ ಬಂದ ಮಾತಿನಲ್ಲಿತ್ತೆಂಬುದು ಅವನ ಗ್ರಹಿಕೆ. ಎರಡನೆಯದಾಗಿ, ದಂಡು ದೋಚಿದ ವಸ್ತುಗಳನ್ನು ಅವನು ಎಣಿಸಿ ಹೇಳುತ್ತಾನೆ. ಅಲ್ಲಿ ಭಂಡಾರವಿಲ್ಲ, ರತ್ನವಿಲ್ಲ. ಕಬ್ಬಿಣದ ಸಾಮಾನು, ಹಾಲು ಮೊಸರು, ಉಪ್ಪು, ಅರಿಷಿಣ, ಅಡಿಗೆಮನೆಯ ಪಾತ್ರೆ, ಬೀಸುವ ಕಲ್ಲು, ಹೆಂಗಸರ ಮಂಗಳಸೂತ್ರ ಇವೇ ಅಲ್ಲಿನ ಸೂರೆ. ‘ಹ್ಯಾವಕ್’ ಎಂಬ ಆರು ಶತಮಾನಗಳಿಗೂ ಹಿಂದಿನ ಕೂಗಿಗೆ ನಿಘಂಟು ಕೊಡುವ ಅರ್ಥಕ್ಕಿಂತ ಈ ಬಡ ಮನೆಗಳ ಪಟ್ಟಿಯು ಹೆಚ್ಚು ಸ್ಪಷ್ಟವಾದ ಅರ್ಥವನ್ನು ಕೊಡುತ್ತದೆ.

‘ಲೂಟಿ’ ಎಂಬ ನಮ್ಮ ಶಬ್ದದ ಪ್ರಯಾಣವನ್ನೂ ಇಲ್ಲಿ ನೆನೆಯಬಹುದು. ಹಿಂದಿಯ ‘ಲೂಟ್’ ಕಂಪನಿಯ ಆಡಳಿತಕಾಲದಲ್ಲಿ ಇಂಗ್ಲಿಷಿಗೆ ಹೋಯಿತು. 1857ರ ದಂಗೆಯ ವರದಿಗಳಿಂದ ಇಂಗ್ಲೆಂಡಿನ ಮನೆಮಾತಾಯಿತು. ಆಳಲು ಬಂದವರು ಈ ದೇಶದಿಂದ ಕೊಂಡೊಯ್ದ ಸರಕಿನಲ್ಲಿ ಸೂರೆಯ ಹೆಸರೂ ಸೇರಿತ್ತು.

ಹಿಂಸೆಯ ಮೆಟ್ಟಿಲುಗಳು

ಹಲಗಲಿಯ ಹಿಂಸೆಗೆ ಹೊಣೆ ಯಾರು? ಕೊಳ್ಳಿ ಹಿಡಿದ ಸವಾರನೋ, ಅವನಿಗೆ ಆಜ್ಞೆಯಿತ್ತ ಅಧಿಕಾರಿಯೋ, ಎಂದೂ ಹಲಗಲಿಯನ್ನು ಕಾಣದೆ ಕಾಯ್ದೆಯ ಕಾಗದಕ್ಕೆ ಸಹಿ ಮಾಡಿದವನೋ, ಸುದ್ದಿ ಕೇಳಿ ಹಿಗ್ಗಿದವನೋ? ಇಂತಹ ಪ್ರಶ್ನೆಗೆ ಜೈನಾಚಾರ್ಯರು ಬಹು ಹಿಂದೆಯೇ ಸೂಕ್ಷ್ಮವಾದ ಉತ್ತರವನ್ನು ಕೊಟ್ಟಿದ್ದಾರೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವದ ಆಧಾರವನ್ನು ವಿಂಗಡಿಸುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನೂ, ಮನಸ್ಸು, ವಚನ, ಕಾಯ ಎಂಬ ಮೂರು ಯೋಗಗಳನ್ನೂ, ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂಬ ಮೂರು ಬಗೆಗಳನ್ನೂ, ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳನ್ನೂ ಹೇಳುತ್ತದೆ. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನು ಹೊಂದಿಸಿ ಹೇಳುವ ರೂಢಿ ಶ್ರಾವಕರಲ್ಲಿದೆ.

ಈ ವಿಂಗಡಣೆಯನ್ನು ಹಲಗಲಿಗೆ ಅನ್ವಯಿಸಿ ನೋಡಬಹುದು. ಪ್ರಜೆಗಳನ್ನು ಬಗ್ಗಿಸಬೇಕೆಂಬ ಸಂಕಲ್ಪ ಮೂಡಿದುದು ಸಂರಂಭ. ಕಲಾದಗಿಯಲ್ಲಿ ಕುದುರೆಗಳಿಗೆ ಜೀನು ಬಿಗಿದು ಮದ್ದುಗುಂಡುಗಳನ್ನು ಹೊಂದಿಸಿದುದು ಸಮಾರಂಭ. ಊರಿಗೆ ಕೊಳ್ಳಿಯಿಟ್ಟುದು ಆರಂಭ. ಲೋಕದ ಕಣ್ಣಿಗೆ ಕಾಣುವುದು ಕೊನೆಯ ಮೆಟ್ಟಿಲು ಮಾತ್ರ. ಶಾಸ್ತ್ರವು ಮೊದಲ ಮೆಟ್ಟಿಲಿನಿಂದಲೇ ಲೆಕ್ಕ ಹಿಡಿಯುತ್ತದೆ. ಹಾಗೆಯೇ ಹುಕುಮು ಕೊಟ್ಟವನ ಕೈಗೆ ಬೂದಿ ಅಂಟಲಿಲ್ಲವೆಂದು ಅವನ ಪಾಲು ಕಡಿಮೆಯಾಗುವುದಿಲ್ಲ. ಅವನದು ವಚನದಿಂದ ಮಾಡಿಸಿದ ಹಿಂಸೆ. ಅಮೃತಚಂದ್ರ ಆಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ಒಬ್ಬನು ಮಾಡಿದ ಹಿಂಸೆಯ ಫಲಕ್ಕೆ ಅನೇಕರು ಭಾಗಿಗಳಾಗುವುದನ್ನೂ, ಅನೇಕರು ಮಾಡಿದ ಹಿಂಸೆಯ ಫಲವು ಒಬ್ಬನಿಗೆ ಸೇರುವುದನ್ನೂ ವಿವರಿಸಿದ್ದಾರೆ. ಕೂಗಿದವನಿಗೆ ಮರಣದಂಡನೆಯನ್ನೂ ಅನುಸರಿಸಿದವರಿಗೆ ಬೇರೆ ದಂಡನೆಯನ್ನೂ ವಿಧಿಸಿದ ಹಳೆಯ ಯುದ್ಧನಿಯಮವು ತನಗರಿವಿಲ್ಲದೆಯೇ ಈ ತತ್ತ್ವದ ಅಂಚನ್ನು ಮುಟ್ಟಿತ್ತು.

ಇಲ್ಲಿ ಒಂದು ಸಂದೇಹ ಏಳಬಹುದು. ಆಯುಧಗಳನ್ನು ಕೆಳಗಿಡಿಸುವ ಕಾಯ್ದೆಯು ಅಹಿಂಸೆಗೆ ಅನುಕೂಲವಲ್ಲವೇ? ಆಯುಧದಾನವನ್ನು ಅನರ್ಥದಂಡಗಳಲ್ಲಿ ಎಣಿಸಿದ ಧರ್ಮವು ಬೇಡರ ಹಟವನ್ನು ಹೇಗೆ ಒಪ್ಪೀತು? ಈ ಸಂದೇಹವನ್ನು ತಳ್ಳಿಹಾಕುವಂತಿಲ್ಲ. ಬೇಡರೂ ಗುಂಡು ಹಾರಿಸಿದರು. ಅವರ ಕೈಯಿಂದಲೂ ಪ್ರಾಣಹಾನಿಯ ಯತ್ನ ನಡೆಯಿತು. ಆದರೆ ಗೃಹಸ್ಥನ ವಿಷಯದಲ್ಲಿ ಆಚಾರ್ಯರು ಸಂಕಲ್ಪಪೂರ್ವಕವಾದ ಹಿಂಸೆಯನ್ನೂ ಆತ್ಮರಕ್ಷಣೆಗಾಗಿ ಒದಗಿಬರುವ ವಿರೋಧಿ ಹಿಂಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಕಾಯ್ದೆಯ ವಿಷಯದಲ್ಲಿಯೂ ಶಬ್ದವನ್ನಲ್ಲ, ಭಾವವನ್ನು ನೋಡಬೇಕು. ಎಲ್ಲರೂ ಆಯುಧ ಬಿಡಲೆಂಬ ಮೈತ್ರೀಭಾವ ಅದರ ಹಿಂದಿರಲಿಲ್ಲ. ಆಯುಧವು ಆಳುವವನ ಕೈಯಲ್ಲಿರಲಿ, ಆಳಿಸಿಕೊಳ್ಳುವವನ ಕೈಯಲ್ಲಿ ಬೇಡವೆಂಬ ಮಾನ ಮತ್ತು ಲೋಭ ಕಷಾಯಗಳು ಅದರ ಬೇರಾಗಿದ್ದವು. ಆದ್ದರಿಂದಲೇ ನಿಶ್ಶಸ್ತ್ರೀಕರಣವೆಂಬ ಸೌಮ್ಯವಾದ ಮಾತಿನ ಕೊನೆಯು ಗಲ್ಲುಗಂಬವಾಯಿತು. ಮಾತು ಸೌಮ್ಯವಾಗಿದ್ದ ಮಾತ್ರಕ್ಕೆ ಅದು ಅಹಿಂಸೆಯಾಗುವುದಿಲ್ಲವೆಂಬ ಪಾಠ ಇಲ್ಲಿದೆ.

ಅದೇ ಮಣ್ಣಿನ ಬೇರೆ ಮಾತುಗಳು

ಹಲಗಲಿಯಿರುವ ಮುಧೋಳ ಸೀಮೆಯೇ ಮಹಾಕವಿ ರನ್ನನ ಜನ್ಮಭೂಮಿ. 949ರಲ್ಲಿ ಬಳೆಗಾರ ಕುಲದ ಜೈನ ಮನೆತನದಲ್ಲಿ ಜನಿಸಿದ ಅವನ ಹೆಸರನ್ನು ರನ್ನ ಬೆಳಗಲಿ ಗ್ರಾಮವು ಇಂದಿಗೂ ಹೊತ್ತಿದೆ. ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ ಈ ಕವಿಯೇ ‘ಗದಾಯುದ್ಧ’ವನ್ನೂ ಬರೆದನು. ಅದರಲ್ಲಿ ದುರ್ಯೋಧನನು ಸಂಜಯನೊಡನೆ ಭೀಷ್ಮರನ್ನು ಕಾಣಲು ರಣಭೂಮಿಯ ಹೆಣಗಳ ನಡುವೆ ನಡೆದುಹೋಗುವ ಸಂದರ್ಭವು ಪ್ರಸಿದ್ಧವಾಗಿದೆ. ದ್ರೋಣ, ದುಶ್ಶಾಸನ, ಕರ್ಣ, ಸ್ವಂತ ಮಗ ಲಕ್ಷಣಕುಮಾರ, ಶತ್ರುವಾದರೂ ಮೆಚ್ಚದಿರಲಾಗದ ಅಭಿಮನ್ಯು ಇವರೆಲ್ಲರ ದೇಹಗಳನ್ನು ಅವನು ಕಾಣಬೇಕಾಗುತ್ತದೆ. ಯುದ್ಧ ಬೇಕೆಂದು ನುಡಿದವನನ್ನೇ ಆ ನುಡಿಯ ಫಲದ ನಡುವೆ ಕವಿಯು ನಡೆಸಿದ್ದಾನೆ. ಆಜ್ಞೆಯಿತ್ತವರಿಗೆ ಇಂತಹ ನಡಿಗೆ ಇತಿಹಾಸದಲ್ಲಿ ದೊರೆಯುವುದು ವಿರಳ. ಹಲಗಲಿಯ ಬೂದಿಯ ಮೇಲೆ ವಿಲಾಯತಿಯ ಅಧಿಕಾರಸ್ಥರು ನಡೆಯಬೇಕಾಗಿ ಬರಲಿಲ್ಲ.

ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಇನ್ನೊಂದು ಬಗೆಯ ಮಾತಿನ ನೆನಪಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಆಳಿದ ಮಾಂಡಲಿಕ ಗೊಂಕನು ನೇಮಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನೆಂದು 1123ರ ಸುಮಾರಿನ ಶಾಸನವು ತಿಳಿಸುತ್ತದೆ. ಹಾವು ಕಚ್ಚಿದಾಗ ಗೊಂಕನು ಪಂಚಪರಮೇಷ್ಠಿಗಳ ನಾಮಗಳನ್ನು ನೆನೆದು ಬದುಕುಳಿದನೆಂಬುದು ಶಾಸನದ ಕಥನ. ಅದನ್ನು ಭಕ್ತಿಯ ದೃಷ್ಟಿಯಿಂದ ನೋಡುವವರು ಪವಾಡವೆನ್ನಬಹುದು, ಇತಿಹಾಸದ ದೃಷ್ಟಿಯಿಂದ ನೋಡುವವರು ಆ ಕಾಲದ ನಂಬಿಕೆಯೆನ್ನಬಹುದು. ಆದರೆ ನುಡಿಗೆ ಪ್ರಾಣವನ್ನು ಉಳಿಸುವ ಶಕ್ತಿಯಿದೆಯೆಂದು ಆ ಕಾಲದವರು ಕಲ್ಲಿನಲ್ಲಿ ಕೆತ್ತಿಸಿಟ್ಟರೆಂಬುದು ಮಾತ್ರ ನಿರ್ವಿವಾದ. ಪ್ರಾಣ ಉಳಿಸಿದ ನುಡಿಯ ಕಥೆಯೂ ಊರು ಸುಡಿಸಿದ ನುಡಿಯ ಕಥೆಯೂ ಒಂದು ದಿನದ ಪ್ರಯಾಣದಷ್ಟು ದೂರದಲ್ಲಿಯೇ ಇವೆ.

ಇಂದಿನ ಬಳಕೆಯಲ್ಲಿ ಎಚ್ಚರ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಹರಿದು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ನದೀತೀರದ ಗ್ರಾಮಗಳು ಅಪಾರ ಕಷ್ಟಕ್ಕೊಳಗಾದವು. ಅದನ್ನು ನೆರೆಹಾವಳಿಯೆಂದು ಕರೆಯುವುದರಲ್ಲಿ ದೋಷವಿಲ್ಲ. ನೀರಿಗೆ ಕಷಾಯವಿಲ್ಲ, ಸಂಕಲ್ಪವಿಲ್ಲ. ಆದರೆ ಒಂದು ಪೇಟೆಯಲ್ಲಿ ಜನ ಜನರ ಮೇಲೆ ಬಿದ್ದು ಅಂಗಡಿಗಳನ್ನು ಸುಟ್ಟಾಗಲೂ ಅದೇ ಪದವನ್ನು ಬಳಸಿ, ಗಲಭೆಯು ಮಳೆಯಂತೆ ತಾನಾಗಿ ಬಂದಿತೆಂಬಂತೆ ಬರೆಯುವುದು ಸತ್ಯಕ್ಕೆ ದೂರ. ಅಲ್ಲಿ ಕೂಗಿದವನೊಬ್ಬನು ಇದ್ದೇ ಇರುತ್ತಾನೆ.

ಬೀಳಗಿ, ಬಾಗಲಕೋಟೆಗಳ ಜನಕ್ಕೆ ‘ಮುಳುಗಡೆ’ ಎಂಬ ಪದವು ಚಿರಪರಿಚಿತ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರಿಂದ ಶಂಕುಸ್ಥಾಪನೆಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ನೆಲೆ ಕಳೆದುಕೊಂಡವು. ಆ ಯೋಜನೆಯಿಂದ ಬಿಜಾಪುರ ಭಾಗದ ಒಣಭೂಮಿಗೆ ನೀರು ಬಂದಿತು. ಅದನ್ನು ಹಲಗಲಿಯ ಸೂರೆಗೆ ಹೋಲಿಸುವುದು ಅನ್ಯಾಯ. ಆದರೂ ‘ಮುಳುಗಡೆ’ ಎಂಬ ಪದವು ಊರು ತಾನಾಗಿಯೇ ಮುಳುಗಿತೆಂಬ ಭಾವವನ್ನು ಹುಟ್ಟಿಸುತ್ತದೆ. ಅದರ ಹಿಂದೆ ಅಣೆಕಟ್ಟಿನ ಎತ್ತರದ ನಿರ್ಣಯವಿದೆ, ಆದೇಶವಿದೆ, ಸಹಿಯಿದೆ. ಹಿತಕ್ಕಾಗಿ ಕೈಕೊಂಡ ನಿರ್ಣಯದಲ್ಲಿಯೂ ನೆಲೆ ಕಳೆದುಕೊಂಡವರ ಋಣವುಂಟೆಂಬುದನ್ನು ಪದವು ಮರೆಸಬಾರದು.

ಶ್ರಾವಕನು ಪ್ರತಿಕ್ರಮಣದಲ್ಲಿ ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ದೋಷಗಳನ್ನು ನೆನೆಯುತ್ತಾನೆ. ಮೊದಲನೆಯದನ್ನು ನೆನೆಯುವುದು ಸುಲಭ. ಉಳಿದೆರಡು ಮಾತಿನ ಮರೆಯಲ್ಲಿ ಅಡಗಿರುತ್ತವೆ. ದಾಯಾದಿಗಳ ವ್ಯಾಜ್ಯದಲ್ಲಿ ಹಿರಿಯರು ಆಡಿದ ಒಂದು ಕಟುನುಡಿ, ಬಸದಿಯ ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರನ್ನು ಹೊರಗಿಡಲು ಬರೆದ ಒಂದು ಠರಾವು, ಮೊಬೈಲಿನಲ್ಲಿ ಬಂದ ಉದ್ರೇಕಕಾರಿ ಸಂದೇಶವನ್ನು ನಾಲ್ಕು ಜನರಿಗೆ ಮುಂದಕ್ಕೆ ಕಳಿಸಿದ ಒಂದು ಬೆರಳು ಇವೆಲ್ಲವೂ ಸಣ್ಣವಾಗಿ ಕಾಣುತ್ತವೆ. 1385ರ ನಿಯಮವು ಇಂತಹ ಸಣ್ಣ ಶಬ್ದಕ್ಕೇ ತಲೆದಂಡವನ್ನು ಕೇಳಿತ್ತು. ಪಾಪೋಪದೇಶವನ್ನು ಅನರ್ಥದಂಡವೆಂದು ಕರೆದ ಆಚಾರ್ಯರು ತಲೆದಂಡವನ್ನು ಕೇಳಲಿಲ್ಲ. ನುಡಿಯುವ ಮುನ್ನ ನಿಂತು ನೋಡುವ ಭಾಷಾಸಮಿತಿಯನ್ನು ಕಲಿಸಿದರು. ಠರಾವಿಗೆ ಸಹಿ ಮಾಡುವ ಮೊದಲು, ಸಂದೇಶವನ್ನು ಕಳಿಸುವ ಮೊದಲು, ಅದರ ಕೊನೆಯಲ್ಲಿ ಯಾರ ಮನೆಯ ಬೀಸುವ ಕಲ್ಲು ಬೀದಿಗೆ ಬೀಳುವುದೆಂದು ಯೋಚಿಸುವುದು ಪ್ರತಿಯೊಬ್ಬ ಶ್ರಾವಕನ, ಪ್ರತಿಯೊಂದು ಸಂಸ್ಥೆಯ ಕರ್ತವ್ಯವಾಗಿದೆ.